ಒಂದು ಮನೆ, ಎರಡು ಫೋನು, ಒಂದೇ ಅಪ್‌ಡೇಟು

ಎಲ್ಲೋ ಸಮುದ್ರದಾಚೆ ಯಾರೋ ಪುಣ್ಯಾತ್ಮ ತಣ್ಣಗೆ ಕುರ್ಚಿಯಲ್ಲಿ ಕೂತು ಒಂದು ಗುಂಡಿ ಒತ್ತುತ್ತಾನೆ. ಮರುದಿನ ಬೆಳಿಗ್ಗೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಾನು ಅಂಗಡಿಯ ಷಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ನಾಲ್ಕಾರು ಜನ ಕೂತಿರುತ್ತಾರೆ. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಬಾಯಲ್ಲೂ ಒಂದೇ ಮಾತು: “ಏನ್ ಮಾಡಿದ್ರಿ ಮೇಡಮ್ ನನ್ನ ಫೋನಿಗೆ?”

ನಾನೇನು ಮಾಡಲಿ? ಅವರ ಫೋನು ಅಪ್‌ಡೇಟ್ ಆಗುವ ಹೊತ್ತಿಗೆ ನಾನು ಹರಿಹರದ ನನ್ನ ಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಕಡೆ ಹೆಣ್ಣು ತೋರಿಸಿದವರಿಗೂ ಫೋನು ಮಾರಿದವರಿಗೂ ಬಿಡುಗಡೆ ಅನ್ನುವುದೇ ಇಲ್ಲ. ಮದುವೆಯಾಗಿ ಮೊಮ್ಮಕ್ಕಳಾದ ಮೇಲೆ ಗಂಡ ಹೆಂಡತಿ ಜಗಳವಾಡಿದರೂ ಬೈಗುಳ ಹೆಣ್ಣು ತೋರಿಸಿದವರಿಗೇ. ಫೋನಿಗೆ ಕಂಪನಿಯ ಗ್ಯಾರಂಟಿ ಒಂದೇ ವರ್ಷ, ಮಾರಿದವಳ ಗ್ಯಾರಂಟಿ ಮಾತ್ರ ಉಸಿರಿರುವವರೆಗೆ.

ಅಕ್ಷರ ದಪ್ಪಗಾದರೆ ನಾನು, ಸಣ್ಣಗಾದರೆ ನಾನು, ಬ್ಯಾಟರಿ ಇಳಿದರೆ ನಾನು. ಅಪ್‌ಡೇಟ್ ಬಂದರೂ ನಾನೇ, ಬಾರದಿದ್ದರೂ ನಾನೇ. ಈ ಬಾರದ ಅಪ್‌ಡೇಟಿನಿಂದಲೇ ಹೋದ ವರ್ಷ ನನ್ನ ಅಂಗಡಿ ಎದ್ದುಹೋಗುವ ಕಾಲ ಬಂದಿತ್ತು.

೧. ಜೋಡಿ ಫೋನು

ನನ್ನ ಮಳಿಗೆಯ ಒಡತಿ ಒಬ್ಬ ಅಜ್ಜಿ. ಮಳಿಗೆಯ ಮೇಲೇ ಅವರ ಮನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಂದೇ ಒಲೆ. “ಈ ಬೀದ್ಯಾಗೆ ಪಾಲಾಗದ ಮನಿ ಅಂದ್ರೆ ನಮ್ದೊಂದೇ ನೋಡವ್ವ” ಎಂದು ಅಜ್ಜಿ ಎಲೆ ಅಡಿಕೆ ಹಾಕಿದಾಗೆಲ್ಲ ಹೇಳುತ್ತಿದ್ದರು.

ಅದರ ಗುಟ್ಟು ಸಮಪಾಲು. ದೊಡ್ಡ ಸೊಸೆಗೆ ಸೀರೆ ತಂದರೆ ಸಣ್ಣ ಸೊಸೆಗೂ ಅದೇ ಬಣ್ಣ, ಅದೇ ಅಂಚು, ಅದೇ ಸೆರಗು. ಮದುವೆಮನೆಯಲ್ಲಿ ಇಬ್ಬರೂ ಜೊತೆಗೆ ನಿಂತರೆ ಬ್ಯಾಂಡ್‌ಸೆಟ್ಟಿನವರು ಬಂದ ಹಾಗೆ ಕಾಣುತ್ತಿತ್ತು. ಎಣ್ಣೆಗಾಯಿ ಬಡಿಸುವಾಗಲೂ ಅಜ್ಜಿ ಬದನೆಕಾಯಿಗಳನ್ನು ಅಳೆದು ನೋಡಿ ಜೋಡಿ ಮಾಡಿಯೇ ಬಡಿಸುವುದು.

ಅಂಥ ಅಜ್ಜಿ ಸೊಸೆಯರಿಗೆ ಫೋನು ಕೊಡಿಸಲು ಕೆಳಗಿಳಿದು ಬಂದರು. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಬಣ್ಣ, ಒಂದೇ ಕವರು. ಪರದೆಗೆ ಗಾಜು ಅಂಟಿಸುವಾಗ ಎದುರಿಗೇ ಕೂತು ನೋಡಿದರು. ನನ್ನ ದುರದೃಷ್ಟ, ಒಂದು ಗಾಜಿನ ಮೂಲೆಯಲ್ಲಿ ಸಣ್ಣ ಗಾಳಿಗುಳ್ಳೆ ಉಳಿಯಿತು. ಅಜ್ಜಿ ಕನ್ನಡಕ ಏರಿಸಿ ನೋಡಿ, “ಇನ್ನೊಂದಕ್ಕೂ ಒಂದು ಗುಳ್ಳೆ ಬರ್ಸು” ಎಂದರು.

ಬರಿಸಿದೆ. ಗುಳ್ಳೆ ತೆಗೆಯುವುದು ಕಲಿತವಳು ನಾನು, ಹಾಕುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಎಲ್ಲಾ ಸಮ ಆಯಿತು, ಸಿಮ್ ಒಂದನ್ನು ಬಿಟ್ಟು. ದೊಡ್ಡ ಸೊಸೆ ಹರಿಹರದ ತವರುಮನೆಯಿಂದ ಒಂದು ಕಂಪನಿಯ ಸಿಮ್ ತಂದಿದ್ದಳು. ಸಣ್ಣವಳದ್ದು ಇದೇ ಊರಿನ ನಿಜಲಿಂಗಪ್ಪ ಬಡಾವಣೆಯ ತವರು, ಅವಳ ಸಿಮ್ ಬೇರೆ ಕಂಪನಿಯದು. “ಸಿಮ್ಮು ತವರುಮನೀದು, ಅದಕ್ಕೆ ನಾ ಕೈ ಹಾಕಲ್ಲ” ಎಂದು ಅಜ್ಜಿ ಬಿಟ್ಟರು. ಅಲ್ಲೇ ಕೆಟ್ಟಿದ್ದು.

ಮುಂಗಾರು ಹಿಡಿಯುವ ಹೊತ್ತಿಗೆ ಅಪ್‌ಡೇಟ್ ಬಂತು. ದೊಡ್ಡವಳ ಫೋನಿಗೆ ಮಾತ್ರ ಬಂತು. ಪರದೆ ಮುಟ್ಟಿದರೆ ಮಲ್ಲಿಗೆ ಅರಳುತ್ತದೆ, ಕರೆ ಮಾಡಿದವರ ಮುಖ ಪರದೆ ತುಂಬ ಬರುತ್ತದೆ, ಫೋಟೋ ತೆಗೆದರೆ ಮೊಡವೆ ಮಾಯ. ಸಣ್ಣವಳ ಫೋನು ಮಾತ್ರ ಕೊಂಡ ದಿನ ಹೇಗಿತ್ತೋ ಹಾಗೇ ಕಪ್ಪಗೆ ಕೂತಿತ್ತು, ಅವಳೂ ಹಾಗೇ ಕೂತಳು.

ಅಜ್ಜಿ ಕೆಳಗೆ ಬಂದರು. ನಾನು ಬಿಡಿಸಿ ಹೇಳಿದೆ. ಫೋನಿನ ಕಂಪನಿಯವರು ಹೊಸದನ್ನು ಬಿಡುತ್ತಾರೆ, ಸಿಮ್ ಕಂಪನಿಯವರು ಅದು ತಮ್ಮ ನೆಟ್‌ವರ್ಕಿಗೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುತ್ತಾರೆ, ಒಬ್ಬರು ಬೇಗ ಕೊಟ್ಟಿದ್ದಾರೆ, ಇನ್ನೊಬ್ಬರು ಇನ್ನೂ ನೋಡುತ್ತಿದ್ದಾರೆ, ಅಷ್ಟೇ. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಅಲ್ಲವ್ವ, ಇದನ್ನ ನಾ ಸಣ್ಣಾಕಿಗೆ ಹೇಳಿದ್ರೆ ಆಕಿ ನಂಬ್ತಾಳೇನು? ಅತ್ತಿ ದೊಡ್ಡಾಕಿ ಫೋನಿಗೆ ಗುಟ್ಟಾಗಿ ಹೆಚ್ಚು ರೊಕ್ಕ ಕೊಟ್ಟು ಹೂವು ಹಾಕ್ಸ್ಯಾಳೆ ಅಂತಾಳೆ” ಎಂದರು.

ಅವಳು ಹಾಗೆ ಅನ್ನಲೂ ಇಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಬಡಿಸಿ, ಸುಮ್ಮನೆ ಉಂಡು, ಸುಮ್ಮನೆ ಕೋಣೆಗೆ ಹೋಗುತ್ತಿದ್ದಳಂತೆ. ಜಗಳವಾಡಿದರೆ ಬಿಡಿಸಬಹುದು, ಸುಮ್ಮನಿದ್ದರೆ ಏನನ್ನು ಬಿಡಿಸುವುದು? ಆಷಾಢದೊಳಗೆ ಸಣ್ಣ ಮಗ ಪಾಲಿನ ಮಾತು ತೆಗೆದೇಬಿಟ್ಟ. ಮೇಲಿನ ಮನೆ ಅಣ್ಣನಿಗೆ, ಕೆಳಗಿನ ಮಳಿಗೆ ತನಗೆ, ಮಳಿಗೆಯನ್ನೇ ಮನೆ ಮಾಡಿಕೊಳ್ಳುತ್ತೇನೆ ಎಂದ. ಶ್ರಾವಣದಲ್ಲಿ ಮನೆ ಒಡೆಯಬಾರದು, ಅದು ಮುಗಿಯಲಿ, ಸೋದರಮಾವ ಬಂದು ಕೂತು ತೀರ್ಮಾನ ಮಾಡಲಿ ಎಂದು ಹಿರಿಯರು ಗಡುವು ಹಾಕಿದರು.

ಒಂದು ದಿನ ಆ ಸಣ್ಣ ಮಗ ಚಾರ್ಜರ್ ಕೊಳ್ಳಲು ಬಂದ. ನಾನು ಚಾರ್ಜರ್ ಹುಡುಕುತ್ತಿದ್ದರೆ ಅವನು ನನ್ನ ಕೌಂಟರನ್ನು ಗೇಣು ಹಾಕಿ ಅಳೆಯುತ್ತಿದ್ದ. “ಏನ್ರಿ?” ಎಂದೆ. “ಏನಿಲ್ಲ ಅಕ್ಕಾರೆ, ಇಲ್ಲಿ ಸಿಂಕು ಕೂಡ್ತೈತೋ ಇಲ್ವೋ ನೋಡಿದೆ” ಎಂದು ಹೇಳಿ, ಅದೇ ಉಸಿರಿನಲ್ಲಿ, “ಚಾರ್ಜರಿಗೆ ಏನಾರ ಕಮ್ಮಿ ಮಾಡ್ಕೊಡ್ರಿ, ನಮ್ಮ ಬಿಲ್ಡಿಂಗಿನಾಗೆ ಇದ್ದೀರಿ” ಎಂದ.

೨. ಸಹನೆಗೆ ಧನ್ಯವಾದ

ಅಲ್ಲಿಂದ ಅಜ್ಜಿಗೆ ದಿನಾ ಬೆಳಿಗ್ಗೆ ಒಂದೇ ಕೆಲಸ. ಮೆಟ್ಟಿಲಿಳಿದು ಬಂದು, ಷಟರಿನ ಸಂದಿಯಲ್ಲಿ ತಲೆ ಹಾಕಿ, “ಬಂತಾ?” ಅನ್ನುವುದು. “ಇಲ್ಲ ಅಜ್ಜಿ” ಅನ್ನುವುದು ನನ್ನ ಕೆಲಸ. ಹೆರಿಗೆ ಕೋಣೆಯ ಮುಂದೆ ನಿಂತ ಹಾಗೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಕಡೆಗೆ ನಾನೇ ಸಣ್ಣ ಸೊಸೆಯ ಸಿಮ್ ಕಂಪನಿಯ ಗ್ರಾಹಕರ ಸೇವೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅಜ್ಜಿ ಸ್ಟೂಲಿನ ಮೇಲೆ ಕೂತರು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಲ್ಲಾ ಮುಗಿದು, ವೀಣೆ ಬಾರಿಸಿ, ನಡುವೆ ನಮ್ಮ ಕರೆ ಬಹಳ ಮುಖ್ಯವೆಂದು ಹೇಳಿ, ಮತ್ತೆ ವೀಣೆ ಬಾರಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಜೇನಿನಂಥ ದನಿ. ಅಪ್‌ಡೇಟ್ ಹಂತ ಹಂತವಾಗಿ ಬರುತ್ತದೆ ಎಂದಳು.

“ನಮ್ಮನಿ ಯಾವ ಹಂತದಾಗೈತೆ?” ಎಂದರು ಅಜ್ಜಿ.

“ಪ್ರಕ್ರಿಯೆಯಲ್ಲಿದೆ ಮೇಡಮ್.”

“ಯಾವಾಗ ಬರ್ತೈತೆ?”

“ಶೀಘ್ರದಲ್ಲೇ ಮೇಡಮ್.”

“ಶ್ರಾವಣದೊಳಗೆ ಬರ್ತೈತಾ?”

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಅವಳ ಮುಂದಿರುವ ಕಂಪ್ಯೂಟರಿನಲ್ಲಿ ಶ್ರಾವಣಕ್ಕೆ ಉತ್ತರ ಇದ್ದಿರಲಾರದು. ಆಮೇಲೆ ಅದೇ ಜೇನಿನ ದನಿಯಲ್ಲಿ, “ನಿಮ್ಮ ಸಹನೆಗೆ ಧನ್ಯವಾದಗಳು ಮೇಡಮ್” ಎಂದಳು.

ಅಜ್ಜಿ ಫೋನಿಗೆ ಬಾಯಿ ಹತ್ತಿರ ತಂದು ಕೇಳಿದರು: “ನನಗೆ ಸಹನೆ ಐತೆ ಅಂತ ನಿನಗ್ಯಾರು ಹೇಳಿದ್ರು?”

೩. ರಾಹುಕಾಲ

ಅಜ್ಜಿಗೆ ಅಪ್‌ಡೇಟ್ ಬರಲಿಲ್ಲವೆಂಬ ಕಷ್ಟ, ಕಡರನಾಯಕನಹಳ್ಳಿಯ ಒಬ್ಬ ಗಿರಾಕಿಗೆ ಬಂದುಬಿಟ್ಟಿತಲ್ಲ ಎಂಬ ಕಷ್ಟ. ನಾಲೆ ನೀರಿನ ಗದ್ದೆ, ಎರಡು ಟ್ರ್ಯಾಕ್ಟರು, ಕಿವಿಯಲ್ಲಿ ಒಂಟಿ. ಪಂಚಾಂಗ ಕೇಳದೆ ಟ್ರ್ಯಾಕ್ಟರಿನ ಟೈರಿಗೆ ಗಾಳಿ ಕೂಡ ಹಾಕಿಸದ ಮನುಷ್ಯ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಓಡುತ್ತ ಬಂದರು.

“ಮೇಡಮ್, ಅಪ್‌ಡೇಟ್ ಮಾಡು ಮಾಡು ಅಂತ ಒಂದೇ ಸಮ ಕೇಳಾಕ ಹತ್ತೈತೆ. ಹತ್ತೂವರಿಗೆ ರಾಹುಕಾಲ ಕೂಡ್ತೈತೆ. ಅಷ್ಟ್ರಾಗೆ ಮುಗಿಸ್ಬಿಡ್ರಿ.”

“ಅಷ್ಟರಲ್ಲಿ ಮುಗಿಯಲ್ರಿ, ದೊಡ್ಡ ಅಪ್‌ಡೇಟು.”

“ಆರಂಭನಾರ ಮಾಡ್ರಿ. ಆರಂಭ ಒಳ್ಳೆ ಟೈಮಿನಾಗ ಆದ್ರೆ ಸಾಕು.”

ಆರಂಭ ಮಾಡಿದೆ. ಅರ್ಧ ಇಳಿಯುವ ಹೊತ್ತಿಗೆ ಹತ್ತೂವರೆ. ಅವರು ಎದ್ದು ನಿಂತರು. “ಈಗ ನಿಲ್ಸ್ರಿ.” ನಿಲ್ಲಿಸಬಾರದು ಎಂದೆ. “ಬಸ್ಸು ನಿಲ್ಲಿಸ್ತಾರೆ, ರೈಲು ನಿಲ್ಲಿಸ್ತಾರೆ, ಒಂದು ಫೋನ್ ನಿಲ್ಸಾಕೆ ಆಗಲ್ಲೇನ್ರಿ?” ಎನ್ನುವಷ್ಟರಲ್ಲಿ ಫೋನು ತಾನೇ ಆರಿತು. ಮತ್ತೆ ಹೊತ್ತಿಕೊಂಡಿತು. ಕಂಪನಿಯ ಗುರುತು ತೋರಿಸಿ ಅಲ್ಲೇ ನಿಂತಿತು.

ನಿಂತಿದ್ದು ನಿಂತೇ ಇತ್ತು. ಈ ಗಿರಾಕಿಯ ಫೋನು ಸತ್ತರೆ ಅವರ ಊರಿಗೆ ಊರೇ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮೇಲೆ ನೋಡಿದರೆ ಪಾಲು, ಕೆಳಗೆ ನೋಡಿದರೆ ಈ ಫೋನು. ನಾನು ಗುಂಡಿ ಒತ್ತಿದೆ, ಒರೆಸಿದೆ, ಊದಿದೆ, ಕೊನೆಗೆ ಗೋಡೆಯ ದೇವರ ಪಟದ ಮುಂದೆ ಇಟ್ಟೂ ನೋಡಿದೆ. ಗಿರಾಕಿ ಮಾತ್ರ ನಿಶ್ಚಿಂತೆಯಿಂದ ಪಕ್ಕದ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತರಿಸಿಕೊಂಡು ತಿನ್ನುತ್ತಿದ್ದರು. ನನಗೂ ಒಂದು ಮಿರ್ಚಿ ಕೊಟ್ಟರು. ಆ ಗಾಬರಿಯಲ್ಲಿ ಅದರ ಖಾರವೂ ಹತ್ತಲಿಲ್ಲ.

ಹನ್ನೆರಡು ಗಂಟೆಗೆ, ರಾಹುಕಾಲ ಮುಗಿಯುತ್ತಲೇ, ಫೋನು ತಾನಾಗಿ ತೆರೆದುಕೊಂಡಿತು. ನನಗೆ ಹೋದ ಜೀವ ಬಂತು. ಅವರು ಕೈ ಒರೆಸಿಕೊಂಡು ಫೋನನ್ನು ಕಣ್ಣಿಗೊತ್ತಿಕೊಂಡು, “ನಮ್ಮನಿ ಹುಡುಗ್ರಿಗಿಲ್ಲದ ಸಂಸ್ಕಾರ ಇದಕ್ಕೈತೆ ನೋಡ್ರಿ” ಎಂದು ಹೇಳಿ ಹೋದರು.

ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ವಾರ ಅದೇ ಊರಿನಿಂದ ಮೂವರು ಬಂದು ಕೌಂಟರಿನ ಮುಂದೆ ನಿಂತರು. “ರಾಹುಕಾಲ ಪಾಲಿಸೋ ಫೋನು ನಿಮ್ಮಲ್ಲಿ ಐತಂತಲ್ಲ, ಅದನ್ನೇ ತೋರ್ಸ್ರಿ.”

೪. ಸಂಶಯದ ಕರೆ

ಹರಿಹರದಲ್ಲಿ ನಮ್ಮ ಬೀದಿಯಲ್ಲೇ ಗಂಡು ಹೆಣ್ಣು ಕೂಡಿಸುವ ಹಿರಿಯರೊಬ್ಬರಿದ್ದಾರೆ. ದಾವಣಗೆರೆಗೆ ನಾನು ಹೋಗುವ ಬಸ್ಸಿನಲ್ಲೇ ಅವರೂ ಬರುತ್ತಾರೆ. ಬಸ್ಸು ಹೊರಟಾಗ ಫೋನು ಕಿವಿಗೆ ಹಚ್ಚಿದರೆ ಇಳಿಯುವಾಗಲೇ ತೆಗೆಯುವುದು. ಅಷ್ಟು ದೂರದಲ್ಲಿ ಎರಡು ಜಾತಕ, ಒಂದು ವರೋಪಚಾರ ಮುಗಿದಿರುತ್ತವೆ.

ಒಂದು ದಿನ ಅವರು ಸಪ್ಪಗೆ ಕೂತಿದ್ದರು. ಫೋನು ಜೇಬಿನಲ್ಲಿತ್ತು. “ಯಾರೂ ಎತ್ತಾಕ ಹತ್ತಿಲ್ಲ ತಂಗಿ” ಎಂದರು. ನಾನು ನನ್ನ ಫೋನು ತೆಗೆದು ಕೈಯಲ್ಲಿ ಹಿಡಿದು, ನಿಮ್ಮದರಿಂದ ನನಗೊಂದು ಕರೆ ಮಾಡಿ ಎಂದೆ. ಮಾಡಿದರು. ನನ್ನ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂತು: ಸಂಶಯಾಸ್ಪದ ಕರೆ.

ಹೊಸ ಅಪ್‌ಡೇಟಿನ ಜೊತೆಗೆ ಬಂದ ಸೌಕರ್ಯ ಅದು. ಒಬ್ಬರೇ ದಿನಕ್ಕೆ ಲೆಕ್ಕವಿಲ್ಲದಷ್ಟು ಗೊತ್ತಿಲ್ಲದ ಮನೆಗಳಿಗೆ ಕರೆ ಮಾಡಿದರೆ ಅವರು ಸಾಲ ಕೊಡುವ ಮೋಸಗಾರರೋ, ಲಾಟರಿಯವರೋ ಎಂದು ಸಿಮ್ ಕಂಪನಿಯ ಯಂತ್ರ ತೀರ್ಮಾನ ಮಾಡುತ್ತದೆ. ಇವರು ಕನ್ಯಾಪಿತೃಗಳಿಗೆ ಕರೆ ಮಾಡುತ್ತಾರೆಂದು ಯಂತ್ರಕ್ಕೆ ಯಾರು ಹೇಳಬೇಕು?

ಹಿರಿಯರು ಉರಿದುಬಿದ್ದರು. “ಎಷ್ಟು ಮನಿ ದೀಪ ಹಚ್ಚೀನಿ ನಾನು! ನನ್ನ ಮ್ಯಾಲೆ ಸಂಶಯ ಅಂತ ಬರೀತಾರೇನು?” ಕಂಪನಿಗೆ ದೂರು ಕೊಟ್ಟರೆ ತೆಗೆಯುತ್ತಾರೆ, ಸ್ವಲ್ಪ ತಡವಾಗುತ್ತದೆ ಎಂದೆ. “ತಡ ಮಾಡಿದ್ರೆ ಹುಡುಗಿ ಬ್ಯಾರೆ ಕಡೆ ಗೊತ್ತಾಗ್ತಾಳೆ. ನಿನ್ನ ಫೋನಿನಾಗೇ ಒಂದು ಹಚ್ಚು” ಎಂದರು. ಹಚ್ಚಿಕೊಟ್ಟೆ. ಬಸ್ಸಿನ ಗದ್ದಲಕ್ಕೆ ಕೇಳಿಸಲೆಂದು ಅವರೇ ಸ್ಪೀಕರಿಗೆ ಹಾಕಿಕೊಂಡರು.

ಹುಡುಗಿಯ ತಂದೆ ಒಂದೇ ರಿಂಗಿಗೆ ಎತ್ತಿದರು. ಹಿರಿಯರ ಮುಖ ಅರಳಿತು. “ನಾನ್ರಿ! ನಮ್ಮ ಫೋನಿನಾಗೆ ಏನೋ ಸಂಶಯ ಗಿಂಶಯ ಅಂತ ಬರ್ತೈತಂತೆ. ಅದನ್ನ ನಂಬಬ್ಯಾಡ್ರಿ.”

ಆ ಕಡೆಯಿಂದ ಇಡೀ ಬಸ್ಸಿಗೆ ಕೇಳುವ ಹಾಗೆ ಉತ್ತರ ಬಂತು. “ಹುಡುಗನಿಗೆ ಸರ್ಕಾರಿ ನೌಕರಿ ಅಂದ್ರಿ, ವಿಚಾರಿಸಿದ್ವಿ. ಸ್ವಂತ ಮನಿ ಅಂದ್ರಿ, ಅದನ್ನೂ ವಿಚಾರಿಸಿದ್ವಿ. ನಮಗೆ ಇಷ್ಟೆಲ್ಲ ಓಡಾಡಿ ಗೊತ್ತಾಗಿದ್ದು ಸಿಮ್ ಕಂಪನಿಯೋರಿಗೆ ಕೂತಲ್ಲೇ ಗೊತ್ತಾಗೈತಲ್ರೀ!”

೫. ನಾಳೆ ನೆನಪಿಸು

ನಿಜಲಿಂಗಪ್ಪ ಬಡಾವಣೆಯ ಒಬ್ಬ ನಿವೃತ್ತ ಅಧಿಕಾರಿಗಳು ನನ್ನ ಹಳೆಯ ಗಿರಾಕಿ. ಯಾವ ಇಲಾಖೆ ಎಂದು ಹೇಳುವುದು ಬೇಡ, ಎಲ್ಲ ಇಲಾಖೆಯಲ್ಲೂ ಅಂಥವರಿದ್ದಾರೆ. ಅವರ ಫೋನು ದಿನಾ ಬೆಳಿಗ್ಗೆ ಕೇಳುತ್ತಿತ್ತು: ಅಪ್‌ಡೇಟ್ ಈಗ ಮಾಡಲೇ, ನಾಳೆ ನೆನಪಿಸಲೇ? ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ, ‘ನಾಳೆ ನೆನಪಿಸು’ ಒತ್ತುತ್ತಿದ್ದರು. ವರ್ಷದ ಮೇಲಾಗಿತ್ತು.

“ಮಾಡಿಬಿಡಿ ಸರ್” ಎಂದರೆ, “ನೋ ನೋ, ಲೆಟ್ ಇಟ್ ಬಿ ಎಕ್ಸಾಮಿನ್ಡ್” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಚಾರ್ಜಿಗೆ ಹಾಕಿದ್ದ ಫೋನು ಯಾರನ್ನೂ ಕೇಳದೆ ತಾನೇ ಅಪ್‌ಡೇಟ್ ಮಾಡಿಕೊಂಡುಬಿಟ್ಟಿತು. ಸಾಹೇಬರು ಕೆಂಪಗಾಗಿ ಅಂಗಡಿಗೆ ಬಂದರು. “ಹೂ ಗೇವ್ ಪರ್ಮಿಷನ್? ಆರ್ಡರ್ ಕಾಪಿ ಎಲ್ಲೈತೆ?” ನಾನು ಕೂಡಿಸಿ, ನೀರು ಕೊಟ್ಟು, ಫೋನು ಚೆನ್ನಾಗೇ ಇದೆ ಎಂದು ತೋರಿಸಿ ಕಳಿಸಿದೆ.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಜೋರಿಲ್ಲ. ಸ್ಟೂಲಿನ ಮೇಲೆ ಕೂತು, “ಇದು ಈಗ ಏನೂ ಕೇಳಲ್ಲಮ್ಮ” ಎಂದರು.

“ಕೇಳೋಕೆ ಏನಿಲ್ಲ ಸರ್. ಎಲ್ಲ ಆಗಿದೆ.”

“ಅದೇ ಹೇಳ್ತಿರೋದು. ಬೆಳಿಗ್ಗೆ ಎದ್ದ್ರೆ ಒಂದೂ ಪೆಂಡಿಂಗ್ ಇಲ್ಲ. ಮನ್ಯಾಗೆ ಯಾರೂ ನನ್ನ ಏನೂ ಕೇಳಲ್ಲ. ಮಾಡಲೇನು ಅಂತ ಕೇಳ್ತಿದ್ದದ್ದು ಇದೊಂದೇ.”

ಜೀವಮಾನವೆಲ್ಲ ಜನರಿಂದ ಕೇಳಿಸಿಕೊಂಡವರಿಗೆ ಕೇಳುವವರಿಲ್ಲದ ಬೆಳಗು ಎಷ್ಟು ಉದ್ದವೋ. ಫೋನು ತೆಗೆದುಕೊಂಡು ಒಂದು ಉಪಾಯ ಮಾಡಿದೆ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಪರದೆಯ ಮೇಲೆ ‘ಹಾಲು ತರಬೇಕೆ?’ ಎಂದು ಕೇಳುವ ಹಾಗೆ, ಕೆಳಗೆ ‘ಈಗಲೇ’ ಮತ್ತು ‘ನಾಳೆ ನೆನಪಿಸು’ ಎಂದು ಎರಡು ಗುಂಡಿ ಬರುವ ಹಾಗೆ ಮಾಡಿಕೊಟ್ಟೆ. ಸಾಹೇಬರ ಮುಖಕ್ಕೆ ಕಳೆ ಬಂತು. ವಾಕಿಂಗ್ ಹೋಗುವಾಗ ಅಂಗಡಿಯ ಮುಂದೆ ನಿಂತು, “ಇವತ್ತೂ ಕೇಳ್ತಮ್ಮ!” ಎಂದು ಕೈ ಎತ್ತಿ ಹೋಗುತ್ತಿದ್ದರು.

ವಾರದ ಕೊನೆಗೆ ಅವರ ಮನೆಯವರು ನನಗೆ ಫೋನು ಮಾಡಿದರು. “ಅಲ್ಲಮ್ಮ, ಆರು ದಿನದಿಂದ ಮನ್ಯಾಗೆ ಒಂದು ಹನಿ ಹಾಲಿಲ್ಲ. ಏನ್ ಮಾಡಿದ್ರಿ ಇವರ ಫೋನಿಗೆ?”

೬. ಹ್ಞೂಂ

ಇತ್ತ ಶ್ರಾವಣ ಮುಗಿಯುತ್ತ ಬಂತು. ಸೋದರಮಾವ ಬರುವ ದಿನ ಗೊತ್ತಾಯಿತು. ಸಣ್ಣ ಮಗ ಗೇಣು ಬಿಟ್ಟು ಟೇಪು ಹಿಡಿದು ಬಂದ. ಅಂಗಡಿ ಬಿಡುವುದೆಂದರೆ ನನಗೆ ಬರೀ ಜಾಗ ಬಿಡುವುದಲ್ಲ. ಈ ಬೀದಿಯ ಜನ, ಅವರ ಫೋನಿನ ರೋಗ, ಅವರ ಬೈಗುಳ ಎಲ್ಲವೂ ನನ್ನದೇ ಆಗಿಹೋಗಿತ್ತು. ಬೇರೆ ಬೀದಿಗೆ ಹೋದರೆ ನನ್ನನ್ನು ಇಷ್ಟು ಸಲಿಗೆಯಿಂದ ಬೈಯುವವರು ಯಾರು?

ಆಗ ಹೊಳೆಯಿತು. ಫೋನಿಗೆ ತಾನು ಯಾವ ಕಂಪನಿಯ ಕೈಕೆಳಗಿದ್ದೇನೆ ಎಂದು ಗೊತ್ತಾಗುವುದು ಒಳಗಿನ ಸಿಮ್ ನೋಡಿ. ದೊಡ್ಡ ಸೊಸೆಯ ಸಿಮ್ ಸಣ್ಣವಳ ಫೋನಿಗೆ ಹಾಕಿದರೆ, ಅದು ತಾನು ಆ ಕಂಪನಿಯದೇ ಎಂದುಕೊಂಡು ಅಪ್‌ಡೇಟ್ ತರಿಸಿಕೊಳ್ಳಬಹುದು. ಬಂದ ಮೇಲೆ ಸಿಮ್ ವಾಪಸು. ಅಜ್ಜಿಗೆ ಹೇಳಿದೆ.

ಅಜ್ಜಿ ಯೋಚಿಸಿ, “ಹಂಗಾದ್ರೆ ಸಣ್ಣಾಕಿ ಸಿಮ್ಮು ದೊಡ್ಡಾಕಿ ಫೋನಿಗೆ ಹಾಕು. ಒಂದೇ ಕಡೆ ಬದಲು ಮಾಡಿದ್ರೆ ಮತ್ತೆ ಭೇದ ಆಗ್ತೈತೆ. ಇನ್ನೊಂದು ಮಾತು, ತವರುಮನಿಗೆ ತಿಳೀಬಾರ್ದು. ಒಂದು ಫೋನಿನ ಸಲುವಾಗಿ ಇವರ ಮನ್ಯಾಗೆ ಏನೇನೋ ನಡದೈತೆ ಅಂತ ಆಡ್ಕಂತಾರೆ” ಎಂದರು. ಸೊಸೆಯರನ್ನು ಕರೆದು ಹಾಗೇ ಅಪ್ಪಣೆ ಮಾಡಿದರು. ಸಿಮ್‌ಗಳು ಅದಲು ಬದಲಾದವು. ಒಂದೆರಡು ದಿನ ಕಾಯಬೇಕು ಎಂದು ಹೇಳಿ ಕಳಿಸಿದೆ.

ಇಲ್ಲೊಂದು ಪದ್ಧತಿ ಹೇಳಬೇಕು. ಆ ಮನೆಯಲ್ಲಿ ಊಟವಾದ ಮೇಲೆ ಅಜ್ಜಿ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂರುತ್ತಾರೆ. ಸೊಸೆಯರಿಗೆ ತವರಿನಿಂದ ಕರೆ ಬರುವುದು ಅದೇ ಹೊತ್ತಿಗೆ, ಮಾತಾಡಬೇಕಾದ್ದು ಅದೇ ನಡುಮನೆಯಲ್ಲಿ. ಹಾಗಾಗಿ ಸೊಸೆಯರು ಆಡುವುದು ಒಂದೇ ಮಾತು, ‘ಹ್ಞೂಂ’. ಆ ಕಡೆ ತಾಯಂದಿರಿಗೆ ಇದು ಗೊತ್ತು. ಮಗಳಿಗೆ ಬಾಯಿಲ್ಲ, ಕಿವಿ ಮಾತ್ರ ಇದೆ ಎಂದು ಅವರೇ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮಗಳು ತನ್ನ ಪಾಲಿನದನ್ನು ಹೇಳುವುದು ಅಜ್ಜಿ ಗುಡಿಗೆ ಹೋದಾಗ.

ಅವತ್ತು ಮಧ್ಯಾಹ್ನ ದೊಡ್ಡವಳು ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸಣ್ಣವಳ ಫೋನು ಬಡಿದುಕೊಂಡಿತು. ಒಳಗಿರುವುದು ದೊಡ್ಡವಳ ಸಿಮ್ಮೆಂಬುದು ಮರೆತು ಅವಳು ಎತ್ತಿ, ರೂಢಿಯಂತೆ, “ಹ್ಞೂಂ” ಎಂದಳು.

ಹರಿಹರದಿಂದ ದೊಡ್ಡವಳ ತಾಯಿ ಶುರು ಮಾಡಿದರು. “ಉಂಡ್ಯಾ? ಮುದುಕಿ ಪಕ್ಕದಾಗೇ ಕುಂತಾಳಾ? ಸಣ್ಣಾಕಿ ಇನ್ನೂ ಮಾತಾಡ್ವಲ್ಲಳಾ? ಪಾಪ, ಆಕಿ ಮಾಡಿದ ಸಾರಿಗೆ ಮುದುಕಿ ದಿನಾ ಹೆಸರಿಡ್ತಾಳೆ, ನೋಡಿದ್ರೆ ಹೊಟ್ಟಿ ಉರೀತೈತೆ ಅಂತಿದ್ಯಲ್ಲ. ಆಕಿ ಪರವಾಗಿ ನೀನಾರ ಒಂದು ಮಾತು ಆಡಬಾರ್ದಾ?”

ಅಜ್ಜಿ ಒಂದು ಮೊಳ ದೂರದಲ್ಲಿ ಬತ್ತಿ ಹೊಸೆಯುತ್ತಿದ್ದಾರೆ. ಫೋನಿನಲ್ಲಿರುವುದು ತಾನಲ್ಲ ಎಂದು ಹೇಳುವಂತಿಲ್ಲ, ತವರಿಗೆ ತಿಳಿಯಬಾರದೆಂಬ ಅಪ್ಪಣೆ. ಇಡುವಂತೆಯೂ ಇಲ್ಲ. ಸಣ್ಣವಳು ಕಣ್ಣು ತುಂಬಿಕೊಂಡು, “ಹ್ಞೂಂ” ಎಂದಳು.

ಮರುದಿನ ದೊಡ್ಡವಳ ಸರದಿ. ನಿಜಲಿಂಗಪ್ಪ ಬಡಾವಣೆಯಿಂದ ಸಣ್ಣವಳ ತಾಯಿ. “ಅಳಿಯಂದ್ರಿಗೆ ಪಾಲು ಗೀಲು ಬ್ಯಾಡ ಅಂತ ಹೇಳೇ. ದೊಡ್ಡಕ್ಕ ಇಲ್ದಿದ್ರೆ ಆ ಮುದುಕಿ ಕೈಯಾಗೆ ನಾ ಒಬ್ಬಾಕಿ ಹೆಂಗೆ ಬಾಳ್ವೆ ಮಾಡ್ಲಿ ಅಂತ ನೀನೇ ಅಂತಿದ್ದಿ. ಈಗ ಒಂದು ಮಲ್ಲಿಗಿ ಹೂವಿಗೆ ಮುಖ ಉಬ್ಬಿಸ್ಕೆಂಡು ಕುಂತೀಯಲ್ಲ. ಫೋನಿನಾಗಿನ ಹೂವು ಮುಡಕಳ್ಳಾಕೆ ಬರ್ತೈತೇನು?”

“ಹ್ಞೂಂ” ಎಂದಳು ದೊಡ್ಡವಳು.

ಆ ಸಂಜೆ ಅಡಿಗೆಮನೆಯಲ್ಲಿ ಇಬ್ಬರೂ ಎದುರಾದರು. ದೊಡ್ಡವಳು ಸುಮ್ಮನೆ ನೋಡಿ, “ಹ್ಞೂಂ?” ಎಂದಳು. ಸಣ್ಣವಳು, “ಹ್ಞೂಂ” ಎಂದಳು. ಅಷ್ಟೇ, ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗಲು ಶುರು ಮಾಡಿದವರು ಹಾಲು ಉಕ್ಕಿ ಒಲೆ ಆರಿದರೂ ನಿಲ್ಲಿಸಲಿಲ್ಲವಂತೆ. ಆ ಸದ್ದು ಕೆಳಗೆ ನನ್ನ ಅಂಗಡಿಗೂ ಕೇಳಿಸಿತು. ಜಗಳ ಕೈ ಮೀರಿತೆಂದು ನಾನು ದೇವರ ಪಟಕ್ಕೆ ಕೈ ಮುಗಿದೆ.

ಮರುದಿನ ಅವರಿಬ್ಬರೂ ಒಟ್ಟಿಗೆ ಸಿಮ್ ಬದಲಾಯಿಸಿಕೊಳ್ಳಲು ಕೆಳಗೆ ಬಂದಾಗಲೇ ನನಗೆ ಇದೆಲ್ಲ ಗೊತ್ತಾಗಿದ್ದು. ಒಬ್ಬಳು ಹೇಳಲು ಶುರು ಮಾಡಿದರೆ ಇನ್ನೊಬ್ಬಳು ಮುಗಿಸುತ್ತಿದ್ದಳು. ಸಣ್ಣವಳ ಫೋನಿಗೆ ಅಪ್‌ಡೇಟೂ ಬಂದು ಕೂತಿತ್ತು. “ನೋಡು, ಮಲ್ಲಿಗೆ ಬಂದಿದೆ” ಎಂದೆ. ಅವಳು, “ಹೌದಾ?” ಎಂದು ಫೋನನ್ನು ನೋಡದೆ ಚೀಲಕ್ಕೆ ಹಾಕಿಕೊಂಡಳು.

ಸೋದರಮಾವ ಬಂದರು. ಪಾಲಿನ ಮಾತು ತೆಗೆಯುವ ಮೊದಲೇ ಇಬ್ಬರೂ ಸೊಸೆಯರು ಒಂದೇ ದನಿಯಲ್ಲಿ “ಪಾಲು ಬ್ಯಾಡ” ಎಂದರು. ಸಣ್ಣ ಮಗ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಸೋದರಮಾವ ಹೋಳಿಗೆ ಉಂಡು ಎದ್ದರು. ನನ್ನ ಕೌಂಟರ್ ಇದ್ದಲ್ಲೇ ಉಳಿಯಿತು. ಅವತ್ತು ನಾನು ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಕ್ಕೆ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಕೆಳಗಿಳಿದು ಬಂದರು. ಬೀದಿಯ ಆ ಕಡೆ ಈ ಕಡೆ ನೋಡಿ, ಮೇಲಿನ ಮೆಟ್ಟಿಲನ್ನೂ ನೋಡಿ, ಸ್ಟೂಲಿನ ಮೇಲೆ ಕೂತರು.

“ಹೆಂಗೈತಜ್ಜಿ ಮನೆ?” ಎಂದೆ.

“ಮನಿಗೇನಾಗೈತೆ, ಭಾಳ ಒಗ್ಗಟ್ಟಾಗೈತೆ. ಈ ಸಲ ಸೀರಿ ಅವರೇ ಆರಿಸ್ಕೆಂಡ್ರು, ಆಕಿಗೊಂದು ಬಣ್ಣ, ಈಕಿಗೊಂದು ಬಣ್ಣ. ಇವತ್ತು ಏನಡಿಗಿ ಅಂದ್ರೆ, ಆದ ಮ್ಯಾಲೆ ಕರೀತೀವಿ ಅತ್ತಿ, ನೀವು ಕೂಡ್ರಿ ಅಂತಾರೆ. ಸಾರಿಗೆ ಉಪ್ಪು ಕಮ್ಮಿ ಅಂದೆ. ಇಬ್ರೂ ನನ್ನ ಮುಖ ನೋಡಿ, ಹ್ಞೂಂ ಅಂದು ನಗ್ತಾರೆ. ಯಾಕ ನಗ್ತಾರೋ ಒಂದೂ ತಿಳಿವಲ್ಲದು.”

ನಾನು ತಲೆ ತಗ್ಗಿಸಿ ಒಂದು ಫೋನು ಒರೆಸತೊಡಗಿದೆ. ಅಜ್ಜಿ ಸ್ಟೂಲನ್ನು ಕೌಂಟರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ದನಿ ಇಳಿಸಿ ಕೇಳಿದರು.

“ಅಲ್ಲವ್ವ, ಮುಂದಿನ ಅಪ್‌ಡೇಟ್ ಯಾವಾಗ ಬರ್ತೈತೆ?”

“ಬರುತ್ತೆ ಅಜ್ಜಿ. ಯಾಕೆ?”

“ಏನಿಲ್ಲ. ಈ ಸಲ ಒಬ್ಬಾಕಿಗೇ ಬರಂಗೆ ಮಾಡು.”